ಎಸ್ತರ್ ಟೀಚರ ಕಾರಿನ ಕೆಂಪು ದೀಪ

ಎಸ್ತರ್ ಟೀಚರ ಬಿಳಿ ಕಾರು ರಸ್ತೆಯ ಆಚೆ, ಕದಿರವೇಲುವಿನ ಅಂಗಡಿಯ ಮುಂದೆ ಬಾನೆಟ್ ಎತ್ತಿಕೊಂಡು ನಿಂತಿರುವುದನ್ನು ಮರುದಾಚಲಂ ನೋಡಲಿಲ್ಲ. ನೋಡಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ತನ್ನ ಕಾರು ವೈರಿಂಗ್ ಅಂಗಡಿಯ ಶಟರ್ ಎತ್ತಿದ, ಮುರುಗನ ಪಟಕ್ಕೆ ಊದುಕಡ್ಡಿ ಹಚ್ಚಿದ, ನಿನ್ನೆ ಅರ್ಧ ಬಿಚ್ಚಿಟ್ಟಿದ್ದ ಸ್ಟಾರ್ಟರ್ ಮೋಟರನ್ನು ಬೆಂಚಿನ ಮೇಲೆ ಎಳೆದುಕೊಂಡ. ಆಮೇಲೆ ಸ್ಟೂಲನ್ನು ಹೇಗೆ ಹಾಕಿಕೊಂಡನೆಂದರೆ ತಲೆ ಬಗ್ಗಿಸಿದರೆ ಮೋಟರು, ತಲೆ ಎತ್ತಿದರೆ ಆ ಕಾರು. ಹದಿನಾಲ್ಕು ವರ್ಷ ಅದರ ಹೊಟ್ಟೆಯೊಳಗಿನ ಒಂದೊಂದು ತಂತಿಯೂ ಇವನ ಕೈ ಬಿಟ್ಟು ಬೇರೆ ಕೈ ಕಂಡದ್ದಿಲ್ಲ. ಹಾರ್ನಿನ ದನಿ ಟೀಚರಿಗೆ ಕರ್ಕಶ ಅನ್ನಿಸಿದಾಗ ಬದಲಾಯಿಸಿದವನು ಇವನು. ಇಲಿ ಕಡಿದ ವೈರಿಂಗನ್ನು ಮೂರು ದಿನ ಕೂತು ಹೊಸದಾಗಿ ಎಳೆದವನು ಇವನು. ಈಗ ಅದೇ ಕಾರಿನೊಳಗೆ ಇನ್ನೊಬ್ಬ ಸೊಂಟದವರೆಗೆ ಬಗ್ಗಿದ್ದಾನೆ. ಇನ್ನೊಬ್ಬ ಎಂದರೆ ಪರಕೀಯನೇ? ಹೆಂಡತಿಯ ಒಡಹುಟ್ಟಿದ ತಮ್ಮ. ಮೀಸೆ ಮೂಡುವ ಮೊದಲೇ ಇದೇ ಬೆಂಚಿನ ಬಳಿ ನಿಂತು ಪ್ಲಸ್ ಯಾವುದು, ಮೈನಸ್ ಯಾವುದು ಎಂದು ಇವನಿಂದ ಕಲಿತವನು. ಪರಕೀಯನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮೂರು ವರ್ಷದ ಹಿಂದೆ ಕದಿರು ಎದುರಿಗೇ ಅಂಗಡಿ ಹಾಕಿದಾಗ ಗಣಪತಿ ಬಡಾವಣೆಯಿಂದ ಸರವಣಂಪಟ್ಟಿವರೆಗಿನ ಮೆಕ್ಯಾನಿಕ್ಕುಗಳೆಲ್ಲ ಒಂದೇ ಮಾತು ಆಡಿದ್ದರು: ಎಂಥ ಕೃತಜ್ಞತೆ! ಏಕೆಂದರೆ ಬೋರ್ಡಿನ ಮೇಲೆ ತನ್ನ ಹೆಸರಿನ ಕೆಳಗೆ ಅವನು 'ಭಾವನವರ ಆಶೀರ್ವಾದದೊಂದಿಗೆ' ಎಂದು ಬರೆಸಿದ್ದ. ದಿನಾ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮರುದಾಚಲಂನ ಕಣ್ಣಿಗೆ ಬೀಳುವುದು ಆ ಸಾಲು. ತನ್ನ ಆಶೀರ್ವಾದವೇ ತನ್ನ ಗಿರಾಕಿಗಳನ್ನು ಕೈಬೀಸಿ ಆಚೆಗೆ ಕರೆಯುತ್ತಿದೆ. ಯಾರಲ್ಲಾದರೂ ದೂರಲು ಹೋದರೆ ಅವರು ಬೋರ್ಡನ್ನು ತೋರಿಸಿ, ಇಂಥ ಭಾಮೈದ ಯಾರಿಗುಂಟು ಎನ್ನುತ್ತಿದ್ದರು. ಅವನೂ ಹೌದೆಂದು ತಲೆಯಾಡಿಸಿ ಬೇಕರಿಯಲ್ಲಿ ಟೀ ಕುಡಿದು ಬರುತ್ತಿದ್ದ, ಆ ಟೀ ಸಂಜೆಯವರೆಗೂ ಹೊಟ್ಟೆಯಲ್ಲಿ ಕರಗುತ್ತಿರಲಿಲ್ಲ. ಒಳ್ಳೆಯವನ ಮೇಲಿನ ಹೊಟ್ಟೆಕಿಚ್ಚಿನಷ್ಟು ಒಂಟಿಯಾದದ್ದು ಬೇರೆ ಇಲ್ಲ. ಅದಕ್ಕೆ ಊರಿನಲ್ಲಿ ಒಬ್ಬ ಪಾಲುದಾರನೂ ಸಿಗುವುದಿಲ್ಲ.

ಕದಿರು ಈಗ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬ್ಯಾಟರಿಯ ಟರ್ಮಿನಲ್ ಕಂಬಗಳಿಗೆ ಮೀಟರಿನ ಕಡ್ಡಿ ಮುಟ್ಟಿಸಿದ, ಒಳಗೆ ಕೂತು ಇಂಜಿನ್ ಚಾಲೂ ಮಾಡಿದ, ಬಂದು ಮತ್ತೆ ಮುಟ್ಟಿಸಿದ, ಭುಜ ಕೆಳಗಿಳಿಸಿದ. ಮುಳ್ಳು ಕಾಣದಷ್ಟು ದೂರವಿದ್ದರೂ ಮರುದಾಚಲಂಗೆ ಲೆಕ್ಕ ಗೊತ್ತಿತ್ತು: ಇಂಜಿನ್ ಆರಿದ್ದಾಗ ಹನ್ನೆರಡು ವೋಲ್ಟು, ತಿರುಗುತ್ತಿದ್ದಾಗಲೂ ಹನ್ನೆರಡು. ಹದಿನಾಲ್ಕು ಬರಬೇಕಾದದ್ದು ಬರುತ್ತಿಲ್ಲ. ಚಾರ್ಜ್ ಏರುತ್ತಿಲ್ಲ. ಮೊನ್ನೆ ಗುರುವಾರ ಹೊಸ ಡೈನಮೋವನ್ನೇ ಕೂರಿಸಿದ್ದಾನೆ, ಅಂಗಡಿಯ ರಸೀತಿಯಲ್ಲಿ ಆಲ್ಟರ್ನೇಟರ್ ಎಂದು ಬರೆದರೂ ಬಾಯಲ್ಲಿ ಎಲ್ಲರಿಗೂ ಅದು ಡೈನಮೋವೇ. ಹೊಸದು ಹಾಕಿದ ಮೇಲೂ ಹೀಗೆ. ಮರುದಾಚಲಂನ ಎದೆಯಲ್ಲಿ ಏನೋ ಒಂದು ಸಣ್ಣಗೆ ಕುಣಿಯಿತು. ಮೊದಲು ಬೆಲ್ಟು, ಆಮೇಲೆ ಬ್ಯಾಟರಿಯ ಕಂಬ, ಆಮೇಲೆ ಅರ್ತು ಎಂಬ ಅರ್ಥಿಂಗ್ ಪಟ್ಟಿ, ಆಮೇಲೆ ದಪ್ಪ ಫ್ಯೂಸು, ದಪ್ಪ ತಂತಿ, ಕೊನೆಗೆ ಸಣ್ಣ ತಂತಿ. ಹೀಗೆ ಹಾಡಿನಂತೆ ಬಾಯಿಪಾಠ ಮಾಡಿಸಿದವನು ತಾನೇ. ಈಗ ಶಿಷ್ಯ ಪಾಠ ಒಪ್ಪಿಸುತ್ತಿದ್ದಾನೆ, ಗುರು ಅವನು ತಪ್ಪಲಿ ಎಂದು ಮುರುಗನನ್ನು ಬೇಡುತ್ತಿದ್ದಾನೆ. ಕದಿರು ಅರ್ತಿನ ಪಟ್ಟಿ ಬಿಚ್ಚಿ ಉಪ್ಪುಕಾಗದದಿಂದ ತಿಕ್ಕುವಾಗ, ತಿಕ್ಕು, ಇನ್ನೂ ತಿಕ್ಕು ಎಂದು ಮರುದಾಚಲಂ ಮನಸ್ಸಿನಲ್ಲೇ ಅಂದ. ಸಣ್ಣ ತಂತಿಯ ಹತ್ತಿರ ಬರಬೇಡ.

ಸಣ್ಣ ತಂತಿ ಡೈನಮೋದಿಂದ ಹೊರಟು ಡ್ಯಾಶ್‌ಬೋರ್ಡಿನ ಒಳಗೆ ಬ್ಯಾಟರಿ ಚಿತ್ರದ ಕೆಂಪು ದೀಪಕ್ಕೆ ಹೋಗುತ್ತದೆ. ಜನ ಆ ದೀಪವನ್ನು ಬರೀ ಎಚ್ಚರಿಕೆ ಎಂದುಕೊಳ್ಳುತ್ತಾರೆ. ಆದರೆ ಕೀಲಿ ತಿರುಗಿಸಿದಾಗ ಆ ಬಲ್ಬಿನ ಮೂಲಕ ಒಂದಿಷ್ಟು ಕರೆಂಟು ಹರಿದು ಹೋಗಿಯೇ ಡೈನಮೋ ನಿದ್ದೆಯಿಂದ ಏಳಬೇಕು. ಬಲ್ಬಿಲ್ಲದಿದ್ದರೆ ಅದು ನಿದ್ದೆಯಲ್ಲೇ ತಿರುಗುತ್ತಿರುತ್ತದೆ. ಎಸ್ತರ್ ಟೀಚರ ಕಾರಿನಲ್ಲಿ ಆ ಬಲ್ಬು ಇರಲಿಲ್ಲ. ಎಂಟು ತಿಂಗಳ ಹಿಂದೆ ಅದನ್ನು ಕಿತ್ತವನು ಮರುದಾಚಲಂ.

ದೀಪ ಮಂದವಾಗಿ ಉರಿಯುತ್ತಲೇ ಇರುತ್ತದೆ ಎಂದು ಟೀಚರು ಅವತ್ತು ಮೂರನೇ ಸಲ ಬಂದಿದ್ದರು. ಎರಡು ಸಲ ಎಲ್ಲ ಬಿಚ್ಚಿ ನೋಡಿದ್ದರೂ ಅವನಿಗೆ ದೋಷ ಸಿಕ್ಕಿರಲಿಲ್ಲ. ಹಳೆಯ ಡೈನಮೋದೊಳಗೆ ಒಂದು ಡಯೋಡ್ ಸತ್ತಿರಬೇಕು ಎಂಬ ಅನುಮಾನವೇನೋ ಇತ್ತು, ಆದರೆ ಬಿಚ್ಚಿದ ಡೈನಮೋವನ್ನು ತಿರುಗಿಸಿ ಅದನ್ನು ಪತ್ತೆ ಹಚ್ಚುವ ಯಂತ್ರ ಇದ್ದದ್ದು ಎದುರಿನ ಅಂಗಡಿಯಲ್ಲಿ. ಮೂರನೇ ಸಲ ಟೀಚರ ಕಣ್ಣು ಮಾತಿನ ನಡುವೆ ಒಮ್ಮೆ ರಸ್ತೆ ದಾಟಿ ಆ ಬೋರ್ಡಿನ ಮೇಲೆ ನಿಂತು ವಾಪಸು ಬಂತು. ಒಂದೇ ಒಂದು ಸಲ. ಅಷ್ಟು ಸಾಕಾಯಿತು. ಅವನು ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿ, ಹಿಂದಿನಿಂದ ಬಲ್ಬನ್ನು ತಿರುಗಿಸಿ ಕಿತ್ತು ಜೇಬಿಗೆ ಹಾಕಿಕೊಂಡು ಎದ್ದ. "ಆಯ್ತು ಟೀಚರ್, ಆರಿ ಹೋಯ್ತು ನೋಡಿ" ಎಂದ. ಟೀಚರು ಸಂತೋಷಪಟ್ಟರು. "ಇನ್ಮೇಲೆ ಸ್ಟಾರ್ಟ್ ಮಾಡಿದ ಕೂಡ್ಲೆ ಒಂದ್ಸಲ ಜೋರಾಗಿ ಆಕ್ಸಿಲರೇಟರ್ ಒತ್ಬಿಡಿ, ವಯಸ್ಸಾದ ಗಾಡಿ, ಅಭ್ಯಾಸ ಮಾಡಿಸ್ಬೇಕು" ಎಂದ. ಹಾಗೆ ಒದ್ದು ಎಬ್ಬಿಸಿದರೆ ಹಳೆಯ ಡೈನಮೋ ತನ್ನೊಳಗೆ ಉಳಿದಿದ್ದ ಅಯಸ್ಕಾಂತದ ಬಲದಲ್ಲೇ ಹೇಗೋ ಏಳುತ್ತಿತ್ತು. ಆರನೇ ತರಗತಿಗೆ ಭೂಗೋಳ ಹೇಳಿಕೊಡುವ ಹೆಂಗಸು ಎಂಟು ತಿಂಗಳು ಅವನ ಮಾತನ್ನು ಪಾಠದಂತೆ ಪಾಲಿಸಿದರು. ಒಂದು ಶನಿವಾರ ಮರೆತರೋ, ಏಳಲಾರೆನೆಂದು ಅದೇ ಮುನಿಸಿಕೊಂಡಿತೋ, ಪೊಳ್ಳಾಚಿಯಲ್ಲಿ ತಾಯಿಯನ್ನು ನೋಡಿ ಹಿಂತಿರುಗುವಾಗ ಕಿಣತ್ತುಕಡವಿನ ಹತ್ತಿರ ಹೆಡ್‌ಲೈಟು ಮಂಕಾಗಿ ಕಾರು ನಿಂತೇ ಹೋಯಿತು. ಲಾರಿಗಳು ಕೂದಲೆಳೆಯ ಅಂತರದಲ್ಲಿ ಹಾದುಹೋಗುವ ಆ ರಸ್ತೆಯಲ್ಲಿ ಒಂದು ಗಂಟೆ ಒಬ್ಬರೇ ನಿಂತಿದ್ದರಂತೆ. ಇದನ್ನು ಅವನಿಗೆ ಹೇಳಿದ್ದು ಟೀಚರಲ್ಲ, ಹೆಂಡತಿ. ಹೆಂಡತಿಗೆ ಹೇಳಿದ್ದು ಅವಳ ತಮ್ಮ. ಅಂದರೆ ಟೀಚರು ಆ ಕಥೆಯನ್ನು ಹೇಳಿಕೊಳ್ಳಲು ಆಚೆ ಬದಿಯನ್ನೇ ಆರಿಸಿಕೊಂಡಿದ್ದರು. ಅವರು ಒಂಟಿಯಾಗಿ ರಸ್ತೆಯಲ್ಲಿ ನಿಂತದ್ದಕ್ಕಿಂತ ಮೊದಲು ಅವನಿಗೆ ಚುಚ್ಚಿದ್ದು ಇದು. ತನಗೆ ಯಾವುದು ಮೊದಲು ಚುಚ್ಚಿತು ಎಂದು ತಿಳಿದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಒಬ್ಬ ತಂತಿ ಎಳೆದ ಗಾಡಿಯನ್ನು ಇನ್ನೊಬ್ಬ ಮುಟ್ಟುವ ಮೊದಲು ಹೋಗಿ ಒಂದು ಮಾತು ಕೇಳುವುದು ಆ ರಸ್ತೆಯ ಪದ್ಧತಿ. ಕೇಳಿದವನಿಗೆ, ಒಳಗೆ ತಾನು ಏನೇನು ಬದಲಾಯಿಸಿದ್ದೇನೆ ಎಂಬುದನ್ನು ಮೊದಲಿನವನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಗೆಯಿದ್ದರೂ ಹೇಳಬೇಕು, ಹೇಳದಿದ್ದರೆ ಗಾಡಿಗೆ ಬೆಂಕಿ ಬಿದ್ದೀತು. ಬುಧವಾರ ಸಂಜೆ ಕದಿರು ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತಿದ್ದ. "ಭಾವ, ಎಸ್ತರ್ ಟೀಚರ್ ಬಂದಿದಾರೆ. ಮುಟ್ಲಾ?" "ಮುಟ್ಟು, ನನ್ನಪ್ಪನ ಗಾಡೀನಾ ಅದು?" "ಒಳಗೆ ಏನಾದ್ರೂ ಕೈಯಾಡ್ಸಿದೀರಾ?" ಮರುದಾಚಲಂ ಮೋಟರಿನಿಂದ ತಲೆ ಎತ್ತದೆ ಹೇಳಿದ್ದ: "ಏನಿಲ್ಲ. ಎಲ್ಲ ಕಂಪನಿ ವೈರಿಂಗೇ." ಕದಿರು ಸರಿ ಭಾವ ಎಂದು ಹೋಗಿದ್ದ. ನಂಬಿಕೊಂಡು ಹೋಗಿದ್ದ. ನಂಬಿದ್ದರಿಂದಲೇ ಹಳೆಯದನ್ನು ಬಿಚ್ಚಿ ಹೊಸ ಡೈನಮೋ ಹಾಕಿದ್ದ. ಹೊಸದಕ್ಕೆ ಹಳೆಯದರ ಉಳಿದ ಬಲವೂ ಇಲ್ಲ, ಎಷ್ಟು ಒದ್ದರೂ ಅದು ಏಳದು.

ಹನ್ನೊಂದೂವರೆಯ ಹೊತ್ತಿಗೆ ಕದಿರು ಡ್ಯಾಶ್‌ಬೋರ್ಡಿನ ಕೆಳಗೆ ಹೋದ. ಬಾಗಿಲಿನಿಂದ ಆಚೆಗೆ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅಂಗಡಿಯೊಳಗಿನ ಕುರ್ಚಿಯಲ್ಲಿ ಟೀಚರು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದರು, ಆಗಾಗ ಗಡಿಯಾರ ನೋಡುತ್ತಿದ್ದರು. ಕಾರಿನ ಇಂಡಿಕೇಟರುಗಳು ಒಮ್ಮೆ ಮಿಟುಕಿ ಆರಿದವು, ಮತ್ತೆ ಮಿಟುಕಿದವು. ಮರುದಾಚಲಂನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಷ್ಟೋ ಹೊತ್ತಿನಿಂದ ಒಂದೇ ಸ್ಕ್ರೂವಿನ ಮೇಲೆ ನಿಂತಿತ್ತು. ಆ ಕಾಲುಗಳು ಇದ್ದಕ್ಕಿದ್ದಂತೆ ಅಲುಗಾಡುವುದನ್ನು ನಿಲ್ಲಿಸಿದವು. ಬಹಳ ಹೊತ್ತು ಹಾಗೇ ಇದ್ದವು. ಆಮೇಲೆ ಕದಿರು ಹೊರಗೆ ಬಂದು ಎದ್ದು ನಿಂತು, ರಸ್ತೆಯ ಈಚೆಗೆ, ನೇರ ಇವನನ್ನೇ ನೋಡಿದ. ಮಧ್ಯೆ ಒಂದು ಬಸ್ಸು ಹಾದುಹೋಯಿತು. ಬಸ್ಸು ಹೋದ ಮೇಲೆ ನೋಡಿದರೆ ಅವನು ಬೆನ್ನು ತಿರುಗಿಸಿ ಅಂಗಡಿಯೊಳಗೆ ಏನೋ ಹುಡುಕುತ್ತಿದ್ದ. ಸೋತ, ಎಂದುಕೊಂಡ ಮರುದಾಚಲಂ. ಸೋತವನ ಬೆನ್ನು ಅದು. ಆ ಕ್ಷಣದ ಸುಖವನ್ನು ಇನ್ನೂ ಸ್ವಲ್ಪ ಹೊತ್ತು ಉಳಿಸಿಕೊಳ್ಳಲು ಕಣ್ಣು ಮುಚ್ಚಿದ.

ಅರ್ಧ ಗಂಟೆಯ ನಂತರ ಕದಿರು ರಸ್ತೆ ದಾಟಿ ಬಂದ. ಚಪ್ಪಲಿ ಹೊರಗೆ ಬಿಟ್ಟ.

"ಭಾವ, ಒಂದ್ಸಲ ಬಂದು ನೋಡ್ತೀರಾ? ನನ್ ಕೈಲಾಗ್ತಿಲ್ಲ."

"ಯಾಕೆ, ನಿನ್ನ ಸ್ಕ್ಯಾನರ್ ಏನಂತದೆ? ಲಕ್ಷಗಟ್ಲೆ ಕೊಟ್ಟು ತಂದಿದೀಯ, ಅದನ್ನೇ ಕೇಳು."

"ಈ ಗಾಡಿಗೆ ಅದನ್ನ ಹಾಕೋಕೆ ಪಿನ್ನೇ ಇಲ್ಲ ಭಾವ. ಇದು ನಿಮ್ಮ ಕಾಲದ ಗಾಡಿ."

"ಹೌದಪ್ಪ, ನನ್ ಕಾಲ. ನನ್ ಕಾಲ ಮುಗೀತು ಅಂತಾನೇ ಅಲ್ವಾ ಅವರು ನಿನ್ಹತ್ರ ಬಂದಿದ್ದು?"

"ಮೂರು ಗಂಟೆಗೆ ಟೀಚರ್ ಪೊಳ್ಳಾಚಿಗೆ ಹೊರಡ್ಬೇಕು" ಎಂದಷ್ಟೇ ಹೇಳಿ ಕದಿರು ಹೋದ. ಮರುದಾಚಲಂ ಎದ್ದು ಬೆಂಚಿನ ಡ್ರಾಯರು ಎಳೆದ. ಸಣ್ಣ ಬಲ್ಬುಗಳ ಡಬ್ಬಿಯಿಂದ ಒಂದನ್ನು ಆರಿಸಿ ಜೇಬಿನಲ್ಲಿ ಹಾಕಿಕೊಂಡ, ಹಾಕಿಕೊಂಡು ಮತ್ತೆ ಕೂತ. ಹೋಗಿ, ಯಾರಿಗೂ ಕಾಣದಂತೆ ಬಲ್ಬನ್ನು ಕೂರಿಸಿ, ಎದ್ದು ಕೈ ಒರೆಸಿಕೊಂಡರೆ ಆಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮೂರು ದಿನ ಒದ್ದಾಡಿದ್ದನ್ನು ಭಾವ ಮೂರು ನಿಮಿಷದಲ್ಲಿ ಸರಿಮಾಡಿದ ಎಂದು ಬೇಕರಿಯಲ್ಲಿ ನಾಳೆ ಮಾತಾಗುತ್ತದೆ. ಟೀಚರು ಮತ್ತೆ ಈಚೆಗೆ ಬರುತ್ತಾರೆ. ಆದರೆ ಕರೆದ ಕೂಡಲೇ ಓಡಿಹೋಗುವುದೇ? ಇನ್ನೊಮ್ಮೆ ಕರೆಯಲಿ.

ಒಂದೂವರೆಗೆ ಹೆಂಡತಿ ಅಂಸವೇಣಿ ಎರಡು ಊಟದ ಕ್ಯಾರಿಯರು ಹಿಡಿದು ಬಸ್ಸಿನಿಂದಿಳಿದಳು. ಕದಿರುವಿನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಾಗಿನಿಂದ ದಿನಾ ಎರಡು. ಇಳಿದವಳು ಮೊದಲು ಆಚೆ ಬದಿಗೆ ನಡೆದಳು. ಬಸ್ಸು ನಿಲ್ಲುವುದು ಆ ಕಡೆ, ಮೊದಲು ಸಿಗುವ ಅಂಗಡಿ ಅದು, ಇದರಲ್ಲಿ ತಪ್ಪೇನಿಲ್ಲ. ಆದರೂ ಮರುದಾಚಲಂ ಎಣಿಸುತ್ತ ಕೂತ. ಅವಳು ತಮ್ಮನ ಬೆನ್ನ ಮೇಲೆ ಕೈಯಿಟ್ಟಳು. ಸೆರಗಿನಿಂದ ಅವನ ಕೆನ್ನೆಯ ಗ್ರೀಸು ಒರೆಸಿದಳು. ಟೀಚರ ಜೊತೆ ನಗುತ್ತ ಮಾತಾಡಿದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ತನ್ನ ಕೆನ್ನೆಯ ಗ್ರೀಸನ್ನು ಅವಳು ಎಂದಾದರೂ ಒರೆಸಿದ್ದುಂಟೇ? ಉಂಟು, ಎಷ್ಟೋ ಸಲ. ಅವನಿಗೆ ಅವು ಯಾವುವೂ ನೆನಪಾಗಲಿಲ್ಲ.

ಈಚೆ ಬಂದು ಕ್ಯಾರಿಯರು ಬಿಚ್ಚುತ್ತಲೇ ಅವಳು ಶುರುಮಾಡಿದಳು. "ಏನ್ರೀ, ಅವನು ಬಂದು ಕರೆದ್ರೂ ಹೋಗ್ಲಿಲ್ವಂತೆ?"

"ದೂರು ಕೊಟ್ನಾ?"

"ಅವನ್ಯಾಕೆ ಕೊಡ್ತಾನೆ? ಟೀಚರಮ್ಮ ಹೇಳಿದ್ರು. ನಿಮ್ಮೆಜಮಾನ್ರು ನೋಡಿದ್ರೆ ಸರಿಹೋಗ್ತಿತ್ತೇನೋ, ನಂಗೆ ಅವರ ಮುಖ ನೋಡೋಕೆ ಸಂಕೋಚ ಆಗ್ತಿದೆ ಅಂದ್ರು."

"ಸಂಕೋಚ ಯಾಕಂತೆ?"

"ಹದಿನಾಲ್ಕು ವರ್ಷ ಇಲ್ಲಿಗೆ ಬಂದು ಈಗ ಅಲ್ಲಿಗೆ ಹೋಗಿದಾರಲ್ಲ, ಅದಕ್ಕೆ. ನೀವೊಂದು, ಉರಿಯೋ ಒಲೆ ಥರ ಇಲ್ಲಿ ಕೂತ್ಕೊಂಡು ಅವರನ್ನೇ ನೋಡ್ತಾ ಇದ್ರೆ ಯಾರು ತಾನೇ ಈ ಕಡೆ ಕಾಲಿಡ್ತಾರೆ?" ಅಕ್ಕಿಬೇಳೆಯನ್ನದ ಮೇಲೆ ತುಪ್ಪ ಸುರಿದಳು. "ಉಂಡು ಹೋಗಿ. ಅವನಿನ್ನೂ ಉಂಡಿಲ್ಲ. ಭಾವ ಬರ್ಲಿ ಅಂತ ಕ್ಯಾರಿಯರು ಮುಚ್ಚಿಟ್ಟಿದಾನೆ."

ಅವನು ಉಣ್ಣದೆ ಎದ್ದ. ಟೀಚರು ಸಂಕೋಚಪಡುತ್ತಿದ್ದಾರೆ ಎಂಬ ಮಾತು ಅವನ ಬೆನ್ನನ್ನು ನೆಟ್ಟಗೆ ಮಾಡಿತ್ತು. ರಸ್ತೆ ದಾಟುವಾಗ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡ. ಹಿಂದೆಯೇ ಅಂಸವೇಣಿ ಬಂದಳು. ಟೀಚರು ಪೆನ್ನು ಮುಚ್ಚಿ ಎದ್ದು ನಿಂತು, "ಬನ್ನಿ ಮರುದಾಚಲಂ" ಎಂದರು. ಆ ದನಿಯಲ್ಲಿ ಹಳೆಯ ಗೌರವವಿತ್ತು. ಅವನು ಯಾರ ಮುಖವನ್ನೂ ನೋಡದೆ, ಆಟ ಪೂರ್ತಿ ಆಡಿಯೇ ಬಿಡೋಣವೆಂದು ಬೆಲ್ಟು ಒತ್ತಿದ, ಕಂಬಗಳನ್ನು ಅಲುಗಾಡಿಸಿದ, ದಪ್ಪ ತಂತಿಯ ತುದಿಗೆ ಟೆಸ್ಟ್ ಲ್ಯಾಂಪು ಮುಟ್ಟಿಸಿ ಅದು ಉರಿದಾಗ ದೊಡ್ಡದೇನೋ ತಿಳಿದವನಂತೆ ಹೂಂ ಎಂದ. "ಕದಿರು, ನೀನು ಮುಂದೆ ನಿಂತ್ಕೊಂಡು ಡೈನಮೋ ನೋಡ್ತಿರು" ಎಂದು ಅವನನ್ನು ಬಾನೆಟ್ಟಿನ ಕಡೆಗೆ ಕಳಿಸಿ ತಾನು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ. ಎಡಗೈಯನ್ನು ಮೀಟರುಗಳ ಹಿಂದಕ್ಕೆ ತೂರಿಸಿದ. ಬೆರಳುಗಳಿಗೆ ದಾರಿ ಗೊತ್ತಿತ್ತು. ಬಲಗೈಯಲ್ಲಿ ಬಲ್ಬು ಸಿದ್ಧವಾಗಿತ್ತು. ಎಡಗೈ ಖಾಲಿ ಹೋಲ್ಡರನ್ನು ಹುಡುಕಿತು.

ಹೋಲ್ಡರು ಖಾಲಿ ಇರಲಿಲ್ಲ.

ಅವನು ಮತ್ತೊಮ್ಮೆ ಮುಟ್ಟಿದ. ತಿರುಗಿಸಿ ಎಳೆದು ನೋಡಿದ. ಹೊಸ ಬಲ್ಬು, ಗಾಜಿನ ಮೇಲೆ ಒಂದು ಧೂಳಿನ ಕಣವೂ ಇಲ್ಲ. ಮತ್ತೆ ಅಲ್ಲಿಯೇ ಕೂರಿಸಿದ. ಕೀಲಿ ತಿರುಗಿಸಿದ, ಕೆಂಪು ದೀಪ ಬೆಳಗಲಿಲ್ಲ. ಬಲ್ಬಿದ್ದೂ ಬೆಳಗದಿದ್ದರೆ ಅದಕ್ಕೆ ಕರೆಂಟು ಬರುತ್ತಿಲ್ಲ. ಪಕ್ಕದ ಫ್ಯೂಸುಗಳ ಮುಚ್ಚಳ ತೆಗೆದ. ಎರಡನೇ ಸಾಲಿನ ಮೊದಲನೆಯದು ಸುಟ್ಟಿತ್ತು. ಹೊಟ್ಟೆ ಒಡೆದು ಕಪ್ಪಾದ ಫ್ಯೂಸು, ಅದನ್ನು ಕಂಡುಹಿಡಿಯಲು ಟೆಸ್ಟ್ ಲ್ಯಾಂಪೂ ಬೇಡ, ಕಣ್ಣೊಂದಿದ್ದರೆ ಸಾಕು. ಅದೇ ಫ್ಯೂಸಿನಿಂದಲೇ ಇಂಡಿಕೇಟರುಗಳಿಗೂ ಕರೆಂಟು ಹೋಗುವುದು. ಆ ಇಂಡಿಕೇಟರುಗಳು ಹನ್ನೊಂದೂವರೆಗೆ ಮಿಟುಕಿದ್ದನ್ನು ಅವನೇ ಕಣ್ಣಾರೆ ನೋಡಿದ್ದ. ಅಂದರೆ ಈ ಫ್ಯೂಸು ಇಲ್ಲಿ ಸುಟ್ಟದ್ದಲ್ಲ. ಎಲ್ಲೋ ಸುಟ್ಟದ್ದನ್ನು ಯಾರೋ ತಂದು ಇಲ್ಲಿ ಕೂರಿಸಿದ್ದಾರೆ. ಬಲ್ಬು ಹಾಕಿ, ಡೈನಮೋ ಎದ್ದದ್ದನ್ನು ನೋಡಿ, ಆಮೇಲೆ ಒಳ್ಳೆಯ ಫ್ಯೂಸು ಕಿತ್ತು ಸುಟ್ಟದ್ದನ್ನು ಇಟ್ಟು, ರಸ್ತೆ ದಾಟಿ ಬಂದು, ಚಪ್ಪಲಿ ಬಿಟ್ಟು, ನನ್ನ ಕೈಲಾಗುತ್ತಿಲ್ಲ ಭಾವ ಎಂದಿದ್ದಾರೆ. ಮರುದಾಚಲಂ ಹಾಗೇ ಮಲಗಿದ್ದ. ಬಾಗಿಲ ಬಳಿ ಕದಿರು ಬಂದು ಕುಕ್ಕರಗಾಲಿನಲ್ಲಿ ಕೂತ, ಒಂದು ಹೊಸ ಫ್ಯೂಸನ್ನು ಕಾಲೊರಸಿನ ಮೇಲಿಟ್ಟು ಇವನ ಕಡೆ ಸರಿಸಿದ.

"ಅದನ್ನ ಹಾಕಿ ಸಾಕು ಭಾವ" ಎಂದು ಪಿಸುಗುಟ್ಟಿದ. "ಟೀಚರ್ ನೋಡ್ತಿದಾರೆ. ಅಕ್ಕಾನೂ ನೋಡ್ತಿದಾಳೆ."

ಅವನು ಹಾಕಿದ. ಬೇರೇನು ಮಾಡಲೂ ತೋಚಲಿಲ್ಲ. ಕೀಲಿ ತಿರುಗಿಸಿದಾಗ ಕೆಂಪು ದೀಪ ಎಂಟು ತಿಂಗಳ ನಂತರ ಅವನ ಕಣ್ಣೆದುರು ಬೆಳಗಿತು, ಇಂಜಿನ್ ಹೊತ್ತಿಕೊಂಡ ಕೂಡಲೇ ಆರಿತು. ಮುಂದೆ ಮೀಟರು ಹಿಡಿದಿದ್ದ ಕದಿರು, "ಹದಿನಾಲ್ಕು ಪಾಯಿಂಟ್ ಎರಡು!" ಎಂದು ಅಂಗಡಿಯೆಲ್ಲ ಕೇಳುವಂತೆ ಕೂಗಿದ. ಕೂಗಿದ್ದು ಕೊಂಚ ಜಾಸ್ತಿಯೇ ಆಯಿತು. "ನೋಡಿದ್ರಾ ಟೀಚರ್? ನಾನು ಮೂರು ದಿನ ಸುಮ್ನೆ ಒದ್ದಾಡ್ದೆ. ಭಾವನ ಕೈ ಅಂದ್ರೆ ಕೈ." ಅಂಸವೇಣಿಯ ಮುಖ ಹಬ್ಬದಂತಾಗಿತ್ತು. ಗಂಡನನ್ನು ಅವಳು ಹಾಗೆ ನೋಡಿ ವರ್ಷಗಳಾಗಿದ್ದವು. ಟೀಚರು ಕೈಮುಗಿದು, "ನಂದೇ ತಪ್ಪು ಮರುದಾಚಲಂ. ಮೊದ್ಲೇ ನಿಮ್ಮ ಹತ್ರ ಬರ್ಬೇಕಿತ್ತು" ಎಂದರು. ಅವನಿಗೆ ಬೇಕಾಗಿದ್ದದ್ದೆಲ್ಲ ಎದುರಿಗೆ ಬಂದು ನಿಂತಿತ್ತು. ಅದೆಲ್ಲವೂ ಕದಿರು ಕೊಟ್ಟದ್ದು. ಗೆಲುವನ್ನು ಕೂಡ ಇವನೇ ಕೊಡಬೇಕೇ? ಸೋತು ತೋರಿಸುವುದರಲ್ಲೂ ಇವನೇ ಮೇಲೇ? ಪಶ್ಚಾತ್ತಾಪದಿಂದ ಬಾಯಿ ತೆರೆದೆ ಎಂದು ಆಮೇಲೆ ಹೇಳಿಕೊಳ್ಳಬಹುದಾಗಿತ್ತು, ಆದರೆ ಅದು ನಿಜವಲ್ಲ. ಆ ಒಳ್ಳೆಯತನವನ್ನು ಭಾಮೈದನ ಕೈಯಿಂದ ಕಿತ್ತುಕೊಳ್ಳಬೇಕೆಂಬ ಒಂದೇ ಛಲದಿಂದ ತೆರೆದ.

"ಸುಳ್ಳು ಟೀಚರ್. ರಿಪೇರಿ ಮಾಡಿದ್ದು ಅವನೇ. ಕೆಡ್ಸಿದ್ದು ನಾನು. ಈ ದೀಪದ ಬಲ್ಬನ್ನ ಎಂಟು ತಿಂಗಳ ಹಿಂದೆ ನಾನೇ ಕಿತ್ತಿದ್ದೆ. ಇವನು ಬಂದು ಕೇಳಿದಾಗ್ಲೂ ಹೇಳ್ಲಿಲ್ಲ."

ಇಂಜಿನ್ ತನ್ನ ಪಾಡಿಗೆ ಓಡುತ್ತಿತ್ತು.

"ಕಿಣತ್ತುಕಡವಲ್ಲಿ ಒಂದು ಗಂಟೆ ನಿಂತಿದ್ದೆ" ಎಂದರು ಟೀಚರು ಕೊನೆಗೆ. "ಎರಡು ಸಲ ಲಾರಿಯೋರು ನಿಲ್ಸಿ ಏನೇನೋ ಕೇಳಿದ್ರು. ಬ್ಯಾಗನ್ನ ಎದೆಗೆ ಒತ್ತಿ ಹಿಡ್ಕೊಂಡು ಪ್ರಾರ್ಥನೆ ಮಾಡ್ತಿದ್ದೆ." ಕದಿರುವಿನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತೇನೋ?"

"ಇಲ್ಲ ಟೀಚರ್."

"ಆರನೇ ಕ್ಲಾಸಲ್ಲೂ ಹೀಗೇ ನೆಲ ನೋಡ್ಕೊಂಡು ಹೇಳ್ತಿದ್ದೆ. ಯಾವತ್ತಿಂದ ಗೊತ್ತು?"

"ಇವತ್ತು ಬೆಳಿಗ್ಗೆ."

"ಹಾಗಾದ್ರೆ ಎರಡು ಗಂಟೆ ಯಾಕೆ ಕೂರ್ಸಿದ್ದೆ ನನ್ನ? ನಿಮ್ಮಿಬ್ಬರ ನಾಟಕ ನೋಡೋಕಾ?" ಪತ್ರಿಕೆಗಳನ್ನು ಚೀಲಕ್ಕೆ ತುರುಕಿ, ಬಾನೆಟ್ಟನ್ನು ತಾವೇ ದಡಕ್ಕನೆ ಮುಚ್ಚಿ, ಕಾರೊಳಗೆ ಕೂತರು. "ನನ್ನ ತಾಯಿ ಕಾಯ್ತಿದಾರೆ" ಎಂದಷ್ಟೇ ಹೇಳಿದರು. ಕಾರು ಗಾಂಧಿಪುರದ ಕಡೆಗೆ ತಿರುಗಿ ಹೋಯಿತು. ಆ ಕಾರು ಇನ್ನು ರಸ್ತೆಯ ಯಾವ ಬದಿಯಲ್ಲೂ ನಿಲ್ಲುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಅಂಸವೇಣಿ ಗಂಡನ ಮುಖವನ್ನೂ ತಮ್ಮನ ಮುಖವನ್ನೂ ಒಂದೊಂದು ಸಲ ನೋಡಿ, ಬಸ್‌ಸ್ಟಾಪಿನ ಕಡೆ ಬಿರಬಿರನೆ ನಡೆದಳು.

"ಯಾಕೆ ಹೇಳಿದ್ರಿ ಭಾವ?" ಎಂದ ಕದಿರು. "ಎಲ್ಲ ಸರಿಯಾಗಿತ್ತಲ್ಲ. ಯಾಕೆ ಹೇಳಿದ್ರಿ?"

"ನಿನ್ನ ಒಳ್ಳೇತನ ನಂಗೆ ತಡ್ಕೊಳ್ಳೋಕಾಗಲ್ಲ ಕಣೋ."

ಕದಿರು ಕೈಯಲ್ಲಿದ್ದ ಮೀಟರನ್ನು ಬೆಂಚಿನ ಮೇಲೆ ಕುಕ್ಕಿದ. ಅವನ ಮುಖದಲ್ಲಿ ಮರುದಾಚಲಂ ಈವರೆಗೆ ಕಂಡಿರದ ಒಂದು ಮುಖವಿತ್ತು.

"ನಿಮಗೆ ಮೂರೇ ವರ್ಷ. ನಾನು ಇಪ್ಪತ್ತು ವರ್ಷದಿಂದ ನಿಮ್ಮ ಒಳ್ಳೇತನ ತಡ್ಕೊಂಡಿದೀನಿ. ಅನ್ನ ಹಾಕ್ದೋರು ನೀವು, ಕೆಲಸ ಕಲಿಸ್ದೋರು ನೀವು, ಮದುವೆ ಮಾಡಿಸ್ದೋರು ನೀವು. ಬೋರ್ಡಲ್ಲಿ ನನ್ನ ಹೆಸರು ಒಂದೇ ಬರ್ಸೋಕೂ ಧೈರ್ಯ ಆಗ್ಲಿಲ್ಲ. ಇವತ್ತು ಒಂದೇ ಒಂದು ದಿನ ನಾನು ಕೊಡೋನಾಗಿದ್ದೆ, ನೀವು ತಗೊಳ್ಳೋರಾಗಿದ್ರಿ. ಅದನ್ನೂ ಬಿಡ್ಲಿಲ್ಲ ನೀವು."

ಮರುದಾಚಲಂ ಅವನನ್ನೇ ನೋಡುತ್ತ ನಿಂತ. ಏನಾದರೂ ಹೇಳಬೇಕಿತ್ತು, ಕ್ಷಮೆಯನ್ನಾದರೂ ಕೇಳಬೇಕಿತ್ತು. ಆದರೆ ಒಳಗೆ ಎದ್ದದ್ದು ಬೇರೆಯೇ: ಇವನಿಗೂ ಉರಿಯುತ್ತದೆ, ಇಪ್ಪತ್ತು ವರ್ಷದಿಂದ ಇವನಿಗೂ ನನ್ನ ಹಾಗೆಯೇ ಉರಿಯುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ಅವನಿಗೆ ಭಾಮೈದನ ಮೇಲೆ ಪ್ರೀತಿ ಉಕ್ಕಿತು. ಅದು ತನ್ನ ಹೊಟ್ಟೆಕಿಚ್ಚಿಗೆ ಪಾಲುದಾರ ಸಿಕ್ಕ ಪ್ರೀತಿ ಎಂದು ತಿಳಿದು ಅವನ ತಲೆ ತಾನಾಗಿ ತಗ್ಗಿತು.